ಲೆಕ್ಕಕ್ಕುಂಟು

ಗಾಜಿನ ಈಚೆ ನಾನು, ಆಚೆ ನೆರಿಸ್ ಪ್ರೋಸರ್.
ನಡುವೆ ಮಾತು ತೂರುವಷ್ಟು ಕಿಂಡಿ,
ಕೆಳಗೆ ಕಾಗದ ಜಾರುವಷ್ಟು ಸಂದಿ.
ವೇಲ್ಸಿನ ಈ ಕಲ್ಲಿದ್ದಲ ಕಣಿವೆಯಲ್ಲಿ
ಒಂದೇ ಬೆಂಚಿನ ಮೇಲೆ ಮಗ್ಗಿ ಉರುಹೊಡೆದವರು ನಾವು.
ಶಾಲೆಯ ಮಗ್ಗಿ ಹನ್ನೆರಡಕ್ಕೇ ನಿಂತಿತ್ತು.
ಹದಿನೈದರ ಮಗ್ಗಿ ಕಲಿತದ್ದು ಈ ವರ್ಷ,
ಎಂಬತ್ತನಾಲ್ಕರಲ್ಲಿ,
ಅವಳು ನಿಂತು, ನಾನು ಕೂತು.

ಕಾಯಿದೆ ಹೀಗಿದೆ, ನಾನು ಮಾಡಿದ್ದಲ್ಲ:
ಮುಷ್ಕರ ಹೂಡಿದವನಿಗೆ ಸರ್ಕಾರ ಬಿಡಿಗಾಸು ಕೊಡದು.
ಅವನ ಹೆಂಡತಿಗೆ ಕೊಡುತ್ತದೆ, ಮಕ್ಕಳಿಗೆ ಕೊಡುತ್ತದೆ,
ಕೊಡುವಾಗ ವಾರಕ್ಕೆ ಹದಿನೈದು ಪೌಂಡು ಮುರಿದುಕೊಳ್ಳುತ್ತದೆ,
ಅಷ್ಟನ್ನು ಸಂಘ ಕೊಟ್ಟಿದೆಯೆಂದು ಭಾವಿಸಿ.
ಸಂಘ ಕೊಟ್ಟಿಲ್ಲ.
ಸಂಘದ ಬಳಿ ಇರುವುದು
ಆಲೂಗಡ್ಡೆ, ಬಟಾಣಿಯ ಡಬ್ಬಿ,
ಊದುವವರಿದ್ದರೆ ಒಂದು ಹಿತ್ತಾಳೆ ವಾದ್ಯಮೇಳ.

"ಯಾರು ಭಾವಿಸಿದ್ದು?" ಮೊದಲ ವಾರ ಕೇಳಿದಳು ನೆರಿಸ್.
"ಇಲಾಖೆ."
"ಇಲಾಖೆಗೆ ಭಾವನೆ ಇದೆಯೆಂದು
ಇಷ್ಟು ದಿನ ಗೊತ್ತೇ ಇರಲಿಲ್ಲ ನೋಡು."

ಅವಳ ಮನೆಯಲ್ಲಿ ಆ ಹದಿನೈದು ಪೌಂಡು
ಹೇಳದೆ ಬಂದು ಉಳಿದ ನೆಂಟ.
ಗಂಡ ಮೋಸ್ಟಿನ್ ರಾತ್ರಿ ಅದನ್ನು ಮೇಜಿನ ಮೇಲೆ ಹರಡುತ್ತಾನಂತೆ:
ಇದು ಕುರಿಮಾಂಸಕ್ಕೆ, ಇದು ಗ್ಯಾಸಿಗೆ,
ಇದು ಲೌರಿಯ ಶಾಲೆಯ ಬೂಟಿಗೆ,
ಉಳಿದದ್ದು ನಾಳೆಗೆ.
ದೊಡ್ಡವರಿಗೆ ನಗು.
ಐದು ವರ್ಷದ ಗೆತಿನ್ ಮಾತ್ರ ನಂಬಿಬಿಟ್ಟ.
ಸೋಫಾದ ಸಂದಿಯಲ್ಲಿ ಹುಡುಕಿದ,
ಕೋಟಿನ ಜೇಬಿನಲ್ಲಿ,
ಅಪ್ಪನ ಒಣಗಿದ ಗಣಿಬೂಟಿನಲ್ಲಿ.
ಸಿಕ್ಕಿದ್ದು ಒಂದು ಕಂದು ಗುಂಡಿ, ಒಂದು ಚಿಟಿಕೆ ಮಸಿ.

ಲೆಕ್ಕಕ್ಕುಂಟು, ಊಟಕ್ಕಿಲ್ಲ.

ನನ್ನ ತಮ್ಮ ಎಮ್ಲಿನ್‌ಗೆ ಹೆಂಡತಿಯಿಲ್ಲ.
ಆದ್ದರಿಂದ ಕಾಯಿದೆಯ ಪ್ರಕಾರ ಹಸಿವೂ ಇಲ್ಲ.
ಅವನ ಅರ್ಜಿಗೆ ಬರೆಯಬೇಕಾದದ್ದು ಸೊನ್ನೆ.
ಬರೆಯಲು ಕೈಬಾರದೆ
ಪಕ್ಕದ ಮೇಜಿನವಳಿಗೆ ದಾಟಿಸಿದೆ;
ಅವಳ ಸೊನ್ನೆ ನನ್ನದಕ್ಕಿಂತ ದುಂಡಗಿತ್ತು.
ಭಾನುವಾರ ನನ್ನಲ್ಲಿ ಊಟಕ್ಕೆ ಬರುತ್ತಾನೆ.
ಗಣಿಯ ಕಸದಗುಡ್ಡೆ ಕೆದಕಿ ತಂದ
ಅರ್ಧ ಚೀಲ ಕಲ್ಲಿದ್ದಲು ಹೊಸ್ತಿಲಲ್ಲಿಟ್ಟು
"ಇದನ್ನೂ ಆದಾಯ ಅಂತ ಬರೀಬೇಡ ಮಾರಾಯ್ತಿ" ಅನ್ನುತ್ತಾನೆ.
ಗಾಜಿನ ಮಾತು ಅವನೂ ಎತ್ತುವುದಿಲ್ಲ, ನಾನೂ.
ಉಪ್ಪು ಕೊಡು ಅಂದಾಗ ಕೊಡುತ್ತೇನೆ.
ಉಪ್ಪು ಯಾರದ್ದೆಂದು ಇಬ್ಬರಿಗೂ ಗೊತ್ತು.

ನವೆಂಬರಿನಲ್ಲಿ ಸುತ್ತೋಲೆ ಬಂತು:
ಇನ್ನುಮೇಲೆ ಹದಿನೈದಲ್ಲ, ಹದಿನಾರೆಂದು ಭಾವಿಸತಕ್ಕದ್ದು.
ತಲೆ ತಗ್ಗಿಸಿಕೊಂಡೇ ಓದಿ ಹೇಳಿದೆ.
ನೆರಿಸ್ ಒಂದು ಕ್ಷಣ ಸುಮ್ಮನಿದ್ದಳು. ಆಮೇಲೆ
"ಅಯ್ಯೋ, ಇಲ್ಲದ ದುಡ್ಡಿಗೂ ತುಟ್ಟಿಭತ್ಯೆ!"
ಸಾಲಿಗೆ ಸಾಲೇ ನಕ್ಕಿತು.
ಕೆಮ್ಮುತ್ತ ನಕ್ಕಿತು, ಕೂಸುಗಳನ್ನು ಸೊಂಟಕ್ಕೇರಿಸಿಕೊಂಡು ನಕ್ಕಿತು.
ಮೇಲ್ವಿಚಾರಕ ಬಾಗಿಲು ತೆರೆದು ನೋಡಿದ.
ನಗುವವರಿಂದ ಏನು ಮುರಿದುಕೊಳ್ಳಬೇಕೆಂದು
ಸುತ್ತೋಲೆಯಲ್ಲಿ ಇರಲಿಲ್ಲ.

ಮಾರ್ಚಿನಲ್ಲಿ ಮುಗಿಯಿತು.
ಮೇಳ ಮುಂದೆ, ಬಾವುಟ ಹಿಂದೆ,
ಸೋತವರು ಗೆದ್ದವರ ನಡಿಗೆಯಲ್ಲಿ
ಗಣಿಯ ಗೇಟಿಗೆ ಹೋದರಂತೆ. ನಾನು ನೋಡಲಿಲ್ಲ,
ನನಗೆ ರಜೆ ಇರಲಿಲ್ಲ.
ಆ ರಾತ್ರಿ ಲಕೋಟೆಯ ಬೆನ್ನಿಗೆ ಮಗ್ಗಿ ಬರೆದೆ:
ಮೂವತ್ತಾರು ವಾರ ಹದಿನೈದು, ಹದಿನೈದು ವಾರ ಹದಿನಾರು.
ಒಂದು ಮನೆಗೆ ಏಳುನೂರ ಎಂಬತ್ತು.
ಎಷ್ಟು ಮನೆ ಎಂದು ಗುಣಿಸಲಿಲ್ಲ.

ಪುಸ್ತಕ ಹಿಂದಿರುಗಿಸಲು ಬಂದ ನೆರಿಸ್
ಕೆಳಗಿನ ಸಂದಿಯಲ್ಲಿ ಏನನ್ನೋ ತಳ್ಳಿದಳು.
ಕಂದು ಗುಂಡಿ. ನಾಲ್ಕು ತೂತು.
"ಇದೇನಾ ಆ ದುಡ್ಡು ಅಂತ ಕೇಳ್ತಾನೆ ಗೆತಿನ್.
ಇದ್ದರೆ ಜಮಾ ಮಾಡಿಕೊಂಡು ರಸೀದಿ ಕೊಡು."
ರಸೀದಿ ಪುಸ್ತಕಕ್ಕೆ ಕೈ ಹೋಗಿತ್ತು.
ತಲೆಯೆತ್ತುವಷ್ಟರಲ್ಲಿ ಕಿಂಡಿಯಲ್ಲಿ ಬೇರೆ ಮುಖ.

ಈಗಲೂ ಅದು ನನ್ನ ಡ್ರಾಯರಿನಲ್ಲಿದೆ,
ಗುಂಡುಪಿನ್ನುಗಳ ನಡುವೆ.
ಪ್ರತಿ ಏಪ್ರಿಲಿಗೆ ಲೆಕ್ಕ ತನಿಖೆಯವರು ಬರುತ್ತಾರೆ,
ಡ್ರಾಯರ್ ಎಳೆದು ನೋಡುತ್ತಾರೆ, ಮುಚ್ಚುತ್ತಾರೆ.
ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ,
ಯಾವ ಪುಟದಲ್ಲೂ ಇಲ್ಲ.